ದಪ್ಪ ಲಕೋಟೆ, ತೆಳ್ಳನೆ ಲಕೋಟೆ

(ಯುವ ಬರಹಗಾರರ ಕಮ್ಮಟವೊಂದರಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಮೈಕು ಕೈಕೊಟ್ಟಾಗ ಹೇಳಿದ್ದನ್ನು ನೆನಪಿನಿಂದ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಮಂಚದ ಕೆಳಗೆ ನಾಲ್ಕು ರಟ್ಟಿನ ಪೆಟ್ಟಿಗೆಗಳಿವೆ. ಒಳಗಿರುವುದು ನನ್ನ ಮೊದಲ ಕಥಾಸಂಕಲನ. 2003ರಲ್ಲಿ ಅಚ್ಚಾಯಿತು, ಸಾವಿರ ಪ್ರತಿ. "ನೀವು ಅರ್ಧ ಹಾಕಿ, ನಾವು ಅರ್ಧ ಹಾಕುತ್ತೇವೆ" ಎಂದು ಪ್ರಕಾಶಕರೊಬ್ಬರು ಹೇಳಿದ್ದರು. ಅವರ ಅರ್ಧ ಯಾವುದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬಿಡುಗಡೆಯ ದಿನ ಎಂಬತ್ತು ಜನ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಪೂರ್ತಿ ಖಾಲಿಯಾಯಿತು. ಪುಸ್ತಕ ಹೋದದ್ದು ಹದಿನೇಳು. ಅದರಲ್ಲಿ ಐದನ್ನು ನನ್ನ ತಮ್ಮನೇ ಕೊಂಡಿದ್ದ, ಅಕ್ಕನಿಗೆ ಬೇಜಾರಾಗಬಾರದು ಅಂತ.

ಇದನ್ನು ಯಾಕೆ ಮೊದಲೇ ಹೇಳುತ್ತಿದ್ದೇನೆ ಅಂದರೆ, ಈ ಕಮ್ಮಟಕ್ಕೆ ಬಂದಾಗಿನಿಂದ ನೀವೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: "ಮೇಡಂ, ಪುಸ್ತಕ ಮಾಡುವುದು ಹೇಗೆ?" ಪುಸ್ತಕ ಮಾಡುವುದು ಬಹಳ ಸುಲಭ. ಈಗಂತೂ ಡಿಜಿಟಲ್ ಮುದ್ರಣದಲ್ಲಿ ಐವತ್ತು, ನೂರು ಪ್ರತಿ ಕೂಡ ಹಾಕಿಕೊಡುತ್ತಾರೆ. ದುಡ್ಡಿದ್ದರೆ ಒಂದು ತಿಂಗಳ ಕೆಲಸ. ಕಷ್ಟ ಇರುವುದು ಗುರುತಿಲ್ಲದ ಒಬ್ಬರು ನಿಮ್ಮ ಪುಸ್ತಕ ತೆಗೆದು ಮೂರನೇ ಪುಟದವರೆಗೆ ಓದುವಂತೆ ಮಾಡುವುದರಲ್ಲಿ. ನಾನು ಇವತ್ತು ಮಾತಾಡುವುದು ಆ ಎರಡನೆಯದರ ಬಗ್ಗೆ. ಮೊದಲನೆಯದನ್ನು ಯಾವ ಮುದ್ರಣಾಲಯದವರೂ ಹೇಳಿಕೊಡುತ್ತಾರೆ.

ನಾನು ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಹೆಚ್ಚು ಕಾಲ ಕೌಂಟರಿನಲ್ಲಿ. ಆಗೆಲ್ಲ ಪತ್ರಿಕೆಗೆ ಕತೆ ಕಳಿಸುವವರು ಜೊತೆಗೆ ಇನ್ನೊಂದು ಲಕೋಟೆ ಇಡಬೇಕಿತ್ತು. ಅದರ ಮೇಲೆ ತಮ್ಮದೇ ವಿಳಾಸ, ಸಾಕಷ್ಟು ಸ್ಟಾಂಪು. ಕತೆ ಬೇಡವಾದರೆ ಅದರಲ್ಲೇ ವಾಪಸ್ ಬರುತ್ತಿತ್ತು. ಹೀಗಾಗಿ ನಮ್ಮ ಊರಿನಲ್ಲಿ ಯಾರು ಯಾರು ಗುಟ್ಟಾಗಿ ಬರೆಯುತ್ತಾರೆ ಅನ್ನುವುದು ನನಗೆ ಗೊತ್ತಾಗಿಬಿಟ್ಟಿತ್ತು. ತಮ್ಮದೇ ಕೈಬರಹದಲ್ಲಿ ತಮಗೇ ವಿಳಾಸ ಬರೆದ ಲಕೋಟೆ ಬೇರೆ ಯಾರಿಗೆ ಬರುತ್ತದೆ, ಹೇಳಿ? ಪ್ರೌಢಶಾಲೆಯ ಗಣಿತದ ಮೇಷ್ಟ್ರು ಕವಿತೆ ಬರೆಯುತ್ತಾರೆ ಅಂತ ಅವರ ಮನೆಯವರಿಗಿಂತ ಮೊದಲು ನನಗೆ ತಿಳಿಯಿತು. ಇನ್ನೊಂದು ವಿಷಯವೂ ತಿಳಿಯಿತು. ಲಕೋಟೆ ದಪ್ಪ ಇದ್ದರೆ ಬರಹ ವಾಪಸ್. ತೆಳ್ಳಗಿದ್ದರೆ ಒಳಗೆ ಒಂದೇ ಕಾಗದ, "ಸ್ವೀಕರಿಸಿದ್ದೇವೆ" ಅಂತ. ಒಡೆಯುವ ಮೊದಲೇ ಕೈಗೆ ಗೊತ್ತಾಗುತ್ತಿತ್ತು. ನನ್ನ ಲಕೋಟೆಗಳೂ ನನ್ನ ಕೌಂಟರಿಗೇ ಬರುತ್ತಿದ್ದವು, ಬಹಳ ವರ್ಷ ದಪ್ಪವಾಗಿಯೇ.

ಈಗ ನಿಮಗೆ ದಪ್ಪ ಲಕೋಟೆಯೂ ಇಲ್ಲ. ಇಮೇಲ್ ಕಳಿಸುತ್ತೀರಿ, ಆಮೇಲೆ ಮೌನ. ಆ ಮೌನ ಇನ್ನೂ ಕಷ್ಟ ಅಂತ ನನಗೆ ಅನ್ನಿಸುತ್ತದೆ. ವಾಪಸ್ ಬಂದದ್ದನ್ನು ಕನಿಷ್ಠ ಮತ್ತೆ ಓದಿ ನೋಡುತ್ತಿದ್ದೆವು.

ಸರಿ, ಎಲ್ಲಿಂದ ಶುರು ಮಾಡುವುದು? ಪುಸ್ತಕದಿಂದ ಬೇಡ. ಒಂದು ಕತೆ, ಒಂದು ಪ್ರಬಂಧ, ನಾಲ್ಕು ಕವಿತೆಯಿಂದ ಶುರು ಮಾಡಿ. ಸುಧಾ, ಮಯೂರ, ತರಂಗ, ತುಷಾರ, ಕರ್ಮವೀರ, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು, ದೀಪಾವಳಿ ಮತ್ತು ಯುಗಾದಿ ವಿಶೇಷಾಂಕಗಳು ಹೀಗೆ ಇನ್ನೂ ಬಾಗಿಲುಗಳಿವೆ. ಅಂತರ್ಜಾಲದಲ್ಲಿ ಕೆಂಡಸಂಪಿಗೆ, ಅವಧಿಯಂಥ ತಾಣಗಳಿವೆ. ಕಳಿಸುವ ಮೊದಲು ಆ ಪತ್ರಿಕೆಯ ಹಿಂದಿನ ಐದಾರು ಸಂಚಿಕೆ ಓದಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ವಾರಪತ್ರಿಕೆಯ ಕತೆಗೆ ಇಂತಿಷ್ಟು ಪುಟ ಅಂತ ಜಾಗ ಇರುತ್ತದೆ. ಅಲ್ಲಿಗೆ ಎಂಟು ಸಾವಿರ ಪದದ ಕತೆ ಕಳಿಸಿದರೆ, ಅದು ಎಷ್ಟೇ ಚೆನ್ನಾಗಿರಲಿ, ಸಂಪಾದಕರು ಏನು ಮಾಡಬೇಕು? ಒಂದೇ ಕತೆಯನ್ನು ಒಂದೇ ಸಲ ನಾಲ್ಕು ಕಡೆ ಕಳಿಸಬೇಡಿ. ಎರಡು ಕಡೆ ಒಟ್ಟಿಗೆ ಅಚ್ಚಾದರೆ ಎರಡೂ ಬಾಗಿಲು ಮುಚ್ಚಿಕೊಳ್ಳುತ್ತವೆ. ಮೂರು ತಿಂಗಳು ಕಾಯಿರಿ, ಆಮೇಲೆ ಎರಡು ಸಾಲಿನ ಒಂದು ಮೇಲ್ ಹಾಕಿ: "ಇಂಥ ದಿನ ಇಂಥ ಕತೆ ಕಳಿಸಿದ್ದೆ. ಪರಿಗಣನೆಯಲ್ಲಿ ಇಲ್ಲವಾದರೆ ಬೇರೆ ಕಡೆ ಕಳಿಸುತ್ತೇನೆ." ಅಷ್ಟೇ. ಸಂಪಾದಕರ ಫೋನ್ ನಂಬರು ಹುಡುಕಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಬೇಡಿ. ನಗಬೇಡಿ, ಮಾಡುವವರಿದ್ದಾರೆ. ನಾನೂ ಒಮ್ಮೆ ಮಾಡಿದ್ದೆ.

ಹಾಗೆ ಕಾಯುವ ಮೂರು ತಿಂಗಳಲ್ಲಿ ಏನು ಮಾಡಬೇಕು? ಇನ್ನೊಂದು ಕತೆ ಬರೆಯಬೇಕು. ಒಂದೇ ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಆಗಬಾರದು.

ನಿವೃತ್ತಿಯಾದ ಮೇಲೆ ಒಂದು ಕಥಾಸ್ಪರ್ಧೆಯ ಮೊದಲ ಸುತ್ತಿನ ಓದಿಗೆ ನನ್ನನ್ನು ಕರೆದಿದ್ದರು. ಒಂದು ಕೈಚೀಲದ ತುಂಬ ಕತೆಗಳು. ಓದುತ್ತಾ ಹೋದ ಹಾಗೆ ಒಂದು ವಿಚಿತ್ರ ಕಂಡಿತು: ಹೆಚ್ಚುಕಮ್ಮಿ ಅರ್ಧದಷ್ಟು ಕತೆಗಳಲ್ಲಿ ಬೆಳಗಾಗುತ್ತಿತ್ತು! ಒಂದನ್ನು ಜ್ಞಾಪಕದಿಂದ ಹೇಳುತ್ತೇನೆ, ಮಾತು ಸ್ವಲ್ಪ ಬದಲಾಯಿಸಿದ್ದೇನೆ. "ಮುಂಜಾನೆಯ ಮಂಜು ಮುಸುಕಿತ್ತು. ಹಕ್ಕಿಗಳ ಚಿಲಿಪಿಲಿ ಕಲರವ ಕಿವಿಗೆ ಇಂಪಾಗಿತ್ತು. ಮೂಡಣದಲ್ಲಿ ರವಿಯು ತನ್ನ ಹೊಂಗಿರಣಗಳನ್ನು ಚೆಲ್ಲುತ್ತಾ..." ಹೀಗೆ ಎರಡೂವರೆ ಪುಟ. ನಾಯಕ ಎದ್ದ, ಹಲ್ಲುಜ್ಜಿದ, ಕಾಫಿ ಕುಡಿದ. ಕೆಳಗಿಡಬೇಕು ಅಂತಿದ್ದೆ. ಅಷ್ಟರಲ್ಲಿ ಮೂರನೇ ಪುಟದ ಮಧ್ಯದಲ್ಲಿ ಈ ಸಾಲು ಬಂತು: "ಸೊಸೈಟಿಯವರು ಬಂದು ಕೊಟ್ಟಿಗೆಯಿಂದ ಹಸು ಬಿಚ್ಚಿಕೊಂಡು ಹೋದ ದಿನ ಅಪ್ಪ ಸಂತೆಗೆ ಹೋಗಿದ್ದ, ಬೇಕಂತಲೇ."

ನೋಡಿ, "ಬೇಕಂತಲೇ" ಅನ್ನುವ ಒಂದು ಮಾತು. ಅಪ್ಪನ ಹೇಡಿತನ, ಅವಮಾನ, ಸಾಲ, ಮನೆಯಲ್ಲಿ ಒಬ್ಬಳೇ ನಿಂತ ಅಮ್ಮ, ಎಲ್ಲ ಅದರೊಳಗೆ ಇದೆ. ಕತೆ ಅಲ್ಲಿಂದ ಶುರುವಾಗುತ್ತಿತ್ತು. ಬರೆದ ಹುಡುಗನಿಗೆ ಅದು ಗೊತ್ತಿರಲಿಲ್ಲ. ಕತೆ ಅಂದರೆ ಮೊದಲು ಸೂರ್ಯ ಹುಟ್ಟಬೇಕು ಅಂದುಕೊಂಡಿದ್ದ. ಆ ಕೈಚೀಲದಲ್ಲಿ ಎಷ್ಟೋ ಕತೆಗಳು ಮೂರನೇ ಪುಟ ತಲುಪುವ ಮೊದಲೇ ಪಕ್ಕಕ್ಕೆ ಹೋದವು. ಅವುಗಳಲ್ಲೂ ಇಂಥ ಸಾಲು ಇದ್ದಿರಬಹುದು. ನಾನು ಒಳ್ಳೆಯ ಓದುಗಳೇ, ಆದರೆ ರಾತ್ರಿ ಹನ್ನೊಂದಕ್ಕೆ ಮೂವತ್ತೆಂಟನೇ ಕತೆ ಹಿಡಿದಾಗ ನನಗೂ ನಿದ್ದೆ ಬರುತ್ತದೆ. ಅದಕ್ಕೇ ಹೇಳುವುದು, ಬರೆದು ಮುಗಿಸಿದ ಮೇಲೆ ಒಂದು ವಾರ ಬಿಟ್ಟು ಮೊದಲ ಎರಡು ಪುಟ ಕೈಯಲ್ಲಿ ಮುಚ್ಚಿ ಓದಿ. ಏನೂ ಕಳೆದುಹೋಗಿಲ್ಲ ಅನ್ನಿಸಿದರೆ ಅವೆರಡು ಪುಟ ಬೇಡ.

ಆ ಸಾಲಿನ ಇನ್ನೊಂದು ಗುಣ ಗಮನಿಸಿ. ಅದು ಅವನ ಮನೆಯ ಮಾತು. "ಹಸು ಬಿಚ್ಚಿಕೊಂಡು ಹೋದ" ಅನ್ನುವುದನ್ನು ಅವನು ಎಲ್ಲೂ ಓದಿ ಕಲಿತಿಲ್ಲ. ಹೊಂಗಿರಣವನ್ನು ಮಾತ್ರ ಪಠ್ಯಪುಸ್ತಕದಿಂದ ತಂದಿದ್ದ. ನಿಮ್ಮಲ್ಲಿ ಹಾವೇರಿಯವರಿದ್ದೀರಿ, ಕೊಳ್ಳೇಗಾಲದವರಿದ್ದೀರಿ, ಕುಮಟಾದಿಂದ ಒಬ್ಬರು ಬಂದಿದ್ದೀರಿ. ನಿಮ್ಮ ಅಜ್ಜಿಯ ಬಾಯಲ್ಲಿ ಇರುವ ಕನ್ನಡ ಬೇರೆ ಯಾರ ಹತ್ತಿರವೂ ಇಲ್ಲ. ಅದನ್ನು ಮನೆಯಲ್ಲೇ ಬಿಟ್ಟು ಬಾಡಿಗೆ ಬಟ್ಟೆ ತೊಟ್ಟು ಬರಬೇಡಿ.

ಈಗ ಸ್ಪರ್ಧೆಗಳ ವಿಷಯ. ಹೊಸಬರಿಗೆ ನಮ್ಮಲ್ಲಿ ಇದು ನಿಜವಾಗಿಯೂ ಒಳ್ಳೆಯ ದಾರಿ. ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ಹೆಸರು ನಿಮಗೆ ಗೊತ್ತೇ ಇದೆ. ಇನ್ನು ಕೆಲವು ಹಸ್ತಪ್ರತಿಗೇ ಕೊಡುವ ಬಹುಮಾನಗಳು. ಅಂದರೆ ಪುಸ್ತಕ ಆಗಿರಬಾರದು, ಬರೆದಿಟ್ಟ ಕಟ್ಟು ಇರಬೇಕು. ಛಂದ ಪುಸ್ತಕದವರು ಒಂದೂ ಕಥಾಸಂಕಲನ ತಂದಿರದವರಿಂದ ಹಸ್ತಪ್ರತಿ ಕರೆದು, ಆಯ್ಕೆಯಾದದ್ದಕ್ಕೆ ಬಹುಮಾನ ಕೊಟ್ಟು ಪುಸ್ತಕವನ್ನೂ ತರುತ್ತಾರೆ. ಕವಿತೆ ಬರೆಯುವವರಿಗೆ ಉಡುಪಿಯ ಕಡೆಂಗೋಡ್ಲು ಕಾವ್ಯ ಪ್ರಶಸ್ತಿ ಇದೆ, ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿ ಇದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸು, ಪುಟ, ಕೊನೆಯ ದಿನಾಂಕ ಎಲ್ಲ ಆಯಾ ವರ್ಷದ ಪ್ರಕಟಣೆಯಲ್ಲಿ ಬರುತ್ತದೆ, ಅದನ್ನು ಪೂರ್ತಿ ಓದಿ. ಕತೆಯ ಮೇಲೆ ಹೆಸರು ಬರೆಯಬೇಡಿ, ಬೇರೆ ಹಾಳೆಯಲ್ಲಿ ಬರೆಯಿರಿ ಅಂತ ಇದ್ದರೆ ಹಾಗೇ ಮಾಡಿ. ನಿಯಮ ಓದದೆ ಕಳಿಸಿ ಮೊದಲ ಜರಡಿಯಲ್ಲೇ ಬಿದ್ದುಹೋದ ಒಳ್ಳೆಯ ಕತೆಗಳನ್ನು ನಾನು ಕೈಯಾರೆ ಪಕ್ಕಕ್ಕಿಟ್ಟಿದ್ದೇನೆ.

ಮುದ್ದಣನ ಹೆಸರು ಬಂತಲ್ಲ, ಒಂದು ಮಾತು. ಮುದ್ದಣ ಅಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನು ಬರೆದದ್ದನ್ನು ತನ್ನ ಹೆಸರಲ್ಲಿ ಕಳಿಸಿದರೆ ಯಾರು ಹಾಕುತ್ತಾರೆ ಅನ್ನುವ ಸಂಕೋಚ. ಹಳೆಯ ಕವಿಯ ಕಾವ್ಯ ಸಿಕ್ಕಿದೆ ಅನ್ನುವ ಹಾಗೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಅವರು ಹಾಕಿದರು, ಜನ ಓದಿದರು. 1901ರಲ್ಲಿ ಇನ್ನೂ ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಇದೆಲ್ಲ ಅವರೇ ಬರೆದದ್ದು ಅಂತ ಲೋಕಕ್ಕೆ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ಇವತ್ತು ಅವರ ಹೆಸರಿನಲ್ಲಿ ಹೊಸ ಕವಿಗಳ ಹಸ್ತಪ್ರತಿಗೆ ಬಹುಮಾನ ಕೊಡುತ್ತಾರೆ ಅನ್ನುವುದನ್ನು ನೆನೆದಾಗ ನನಗೆ ಖುಷಿಯೂ ಆಗುತ್ತದೆ, ಸಂಕಟವೂ ಆಗುತ್ತದೆ. ನಿಮ್ಮ ಹೆಸರು ನೀವೇ ಹಾಕಿ ಕಳಿಸಿ.

ಹಸ್ತಪ್ರತಿ ಅಂದೆ. ಈಗ ಯಾರೂ ಕೈಯಲ್ಲಿ ಬರೆಯುವುದಿಲ್ಲ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ವರ್ಡ್ ಕಡತವಾಗಿ ಕಳಿಸಿ. ನುಡಿ, ಬರಹ ಅನ್ನುವ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿ ಕಳಿಸಿದರೆ ಅತ್ತ ಕಡೆಯವರ ಫೋನಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಾಯಿಸಿದಾಗಲೂ ಒತ್ತಕ್ಷರ ಕಳಚುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಬದಲಾಯಿಸಿದ ಮೇಲೆ ಮತ್ತೊಮ್ಮೆ ಪೂರ್ತಿ ಓದಲೇಬೇಕು. ಬಣ್ಣದ ಹಾಳೆ, ಬಳ್ಳಿಯ ಅಂಚು, ನಿಮ್ಮ ಪಾಸ್‌ಪೋರ್ಟ್ ಫೋಟೋ ಯಾವುದೂ ಬೇಡ. ಪುಟಸಂಖ್ಯೆ ಇರಲಿ.

ಕರಡು ತಿದ್ದುವ ವಿಷಯದಲ್ಲಿ ನನ್ನ ಮಾನ ಹೋದ ಕತೆ ಹೇಳುತ್ತೇನೆ. ಆ ಮೊದಲ ಪುಸ್ತಕದ ಕರಡನ್ನು ನಾನೇ ಐದು ಸಲ ಓದಿದ್ದೆ. ಬಿಡುಗಡೆಯ ದಿನ ಮುಖ್ಯ ಅತಿಥಿಗಳು ಒಂದು ಭಾಗ ಓದುತ್ತೇನೆ ಅಂತ ಪುಟ ತೆರೆದರು. "ಅತ್ತೆ ಒಲೆಯ ಮೇಲೆ ಹಾಳು ಕಾಯಿಸುತ್ತಿದ್ದಳು." ಹಾಲು ಹಾಳಾಗಿತ್ತು! ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಅತ್ತೆ ನಗಲಿಲ್ಲ. ನಾವು ಬರೆದದ್ದನ್ನು ನಾವು ಓದುವಾಗ ಕಣ್ಣು ಓದುವುದಿಲ್ಲ, ತಲೆಯಲ್ಲಿ ಇರುವುದನ್ನೇ ಕಾಣುತ್ತದೆ. ಅದಕ್ಕೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಡ್ಡಿ ಹಿಡಿದುಕೊಂಡು ಸಾಲು ಸಾಲಾಗಿ ನೋಡಬೇಕು. ಹೈಸ್ಕೂಲಿಗೆ ಹೋಗುವ ತಂಗಿ, ತಮ್ಮ ಇದ್ದರೆ ಹಿಡಿದು ಕೂರಿಸಿ. ಐವತ್ತು ಪುಟಕ್ಕೆ ಒಂದು ಮಸಾಲೆದೋಸೆ ಅಂತ ಕರಾರು ಮಾಡಿಕೊಳ್ಳಿ.

ಇನ್ನು ಪುಸ್ತಕಕ್ಕೆ ಬರೋಣ. ಹತ್ತು ಹನ್ನೆರಡು ಕತೆ ಆಗಿದೆ, ಅದರಲ್ಲಿ ಆರೇಳು ಅಲ್ಲಿ ಇಲ್ಲಿ ಪ್ರಕಟವಾಗಿದೆ, ಎರಡಕ್ಕೋ ಮೂರಕ್ಕೋ ಗುರುತಿಲ್ಲದವರು ಪತ್ರ ಬರೆದಿದ್ದಾರೆ, ಮೆಸೇಜು ಹಾಕಿದ್ದಾರೆ ಅಂದರೆ ಪ್ರಕಾಶಕರ ಹತ್ತಿರ ಹೋಗಬಹುದು. ಯಾವ ಪ್ರಕಾಶಕರು? ನಿಮ್ಮ ಕಪಾಟನ್ನೇ ಕೇಳಿ. ನಿಮಗೆ ಇಷ್ಟವಾದ ಹೊಸಬರ ಐದು ಪುಸ್ತಕ ತೆಗೆದು ಮೂರನೆಯದೋ ನಾಲ್ಕನೆಯದೋ ಪುಟ ನೋಡಿ. ಸಣ್ಣ ಅಕ್ಷರದಲ್ಲಿ ಎಲ್ಲ ಇರುತ್ತದೆ: ಪ್ರಕಾಶಕರ ವಿಳಾಸ, ಎಷ್ಟನೇ ಮುದ್ರಣ, ಎಷ್ಟು ಪ್ರತಿ, "ಬಳಸಿದ ಕಾಗದ: 70 ಜಿಎಸ್ಎಂ ಎನ್.ಎಸ್. ಮ್ಯಾಪ್‌ಲಿಥೊ, 1/8 ಡೆಮಿ" ಅಂತ ಕಾಗದದ ತೂಕ, ಬಗೆ, ಪುಸ್ತಕದ ಅಳತೆ. "ಹಕ್ಕುಗಳು: ಲೇಖಕರದು" ಅಂತ ಇದೆಯೋ ಇಲ್ಲವೋ ಅದೂ ಅಲ್ಲೇ ಕಾಣುತ್ತದೆ. ಒಂದು ಪ್ರಕಾಶನದ ನಡತೆ ಆ ಪುಟದಲ್ಲಿ ಅರ್ಧ ಗೊತ್ತಾಗುತ್ತದೆ. ಉಳಿದರ್ಧಕ್ಕೆ ಅಲ್ಲಿ ಪುಸ್ತಕ ತಂದ ಒಬ್ಬ ಲೇಖಕರನ್ನು ಕೇಳಿ: ಲೆಕ್ಕ ಕೊಡುತ್ತಾರಾ?

ನಮ್ಮಲ್ಲಿ ಒಳ್ಳೆಯ ಪ್ರಕಾಶನ ಅಂದರೆ ಬರೀ ಅಚ್ಚು ಹಾಕುವುದಲ್ಲ ಅನ್ನುವ ಪರಂಪರೆ ಇದೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಚಂದಾದಾರರನ್ನು ಕೂಡಿಸಿ, ಓದುಗರು ಮೊದಲು, ಪುಸ್ತಕ ಆಮೇಲೆ ಅನ್ನುವ ಹಾಗೆ ನಡೆಸಿದರು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗ ಅಲ್ಲಿ ಸಲಹೆಗಾರರಾಗಿದ್ದರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೂತು ಕೆ.ವಿ. ಸುಬ್ಬಣ್ಣ ಅಕ್ಷರ ಪ್ರಕಾಶನ ಕಟ್ಟಿದರು. ಇಂಥ ಕಡೆ ನಿಮ್ಮ ಹಸ್ತಪ್ರತಿ ಹೋದರೆ ತಿದ್ದುಪಡಿ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಏನೂ ಕೇಳದೆ "ಬಹಳ ಚೆನ್ನಾಗಿದೆ, ಯಾವಾಗ ದುಡ್ಡು ಕಳಿಸುತ್ತೀರಿ?" ಅನ್ನುವವರನ್ನು ಕಂಡರೆ ಭಯಪಡಿ.

ದುಡ್ಡು ಕೇಳುವವರ ವಿಷಯ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪೆಟ್ಟು ತಿಂದವಳು. ಸ್ವಂತ ದುಡ್ಡಿನಲ್ಲಿ ಪುಸ್ತಕ ತರುವುದು ಅವಮಾನವಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಅನ್ನುವ ಹೆಸರಿನಲ್ಲಿ ಪ್ರಕಾಶನ ನಡೆಸಿದರು. ಕುವೆಂಪು ಅವರಿಗೆ ಉದಯರವಿ ಇತ್ತು. ತೇಜಸ್ವಿಯವರಿಗೆ ಪುಸ್ತಕ ಪ್ರಕಾಶನ. ಗಳಗನಾಥರಂತೂ ತಾವು ಬರೆದ ಕಾದಂಬರಿಗಳನ್ನು ಗಂಟು ಕಟ್ಟಿ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಆದರೆ ಅವರೆಲ್ಲ ತಾವೇ ಪ್ರಕಾಶಕರು ಅಂತ ತಿಳಿದೇ ಮಾಡಿದರು. ನಾನು ದುಡ್ಡು ಕೊಟ್ಟೆ, ಹೆಸರು ಇನ್ನೊಬ್ಬರದು, ಗಂಟು ಮಾತ್ರ ನನ್ನ ಮಂಚದ ಕೆಳಗೆ. ದುಡ್ಡು ನಿಮ್ಮದಾದರೆ ಪ್ರಕಾಶಕರೂ ನೀವೇ ಆಗಿ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯನ್ನು ದೆಹಲಿಯ ರಾಜಾರಾಮ್ ಮೋಹನ್ ರಾಯ್ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅದಕ್ಕೆ ಅಂತ ಯಾರಾದರೂ ಐದು ಸಾವಿರ ಕೇಳಿದರೆ ಎದ್ದು ಬನ್ನಿ. ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿಸುವುದಾದರೆ ಪುಟಗಳನ್ನು ಹದಿನಾರರ ಲೆಕ್ಕದಲ್ಲಿ ನೋಡಿ. ಹದಿನಾರು ಪುಟಕ್ಕೆ ಒಂದು ಫಾರಂ, ಅಂದರೆ ಅಚ್ಚಿನ ಒಂದು ದೊಡ್ಡ ಹಾಳೆ. 128 ಪುಟ ಅಂದರೆ ಸರಿಯಾಗಿ ಎಂಟು ಫಾರಂ. 130 ಆಯಿತೋ, ಆ ಎರಡು ಪುಟಕ್ಕೆ ಖರ್ಚು ಏರುತ್ತದೆ. ಅರ್ಪಣೆ, ಕೃತಜ್ಞತೆ, ಅಣ್ಣನ ಹಾರೈಕೆ ಇವನ್ನೆಲ್ಲ ಒಂದೇ ಪುಟಕ್ಕೆ ಇಳಿಸಿ. ಸಾವಿರ ಪ್ರತಿ ಹಾಕಿಸಬೇಡಿ, ಮುನ್ನೂರು ಸಾಕು. ಖಾಲಿಯಾದರೆ ಎರಡನೇ ಮುದ್ರಣ ಅಂತ ಜಂಬದಿಂದ ಹಾಕಿಕೊಳ್ಳಬಹುದಲ್ಲ. ಗ್ರಂಥಾಲಯಗಳ ಸಗಟು ಖರೀದಿಗೆ ಅರ್ಜಿ ಹಾಕಿ, ತಪ್ಪದೇ ಹಾಕಿ. ಆದರೆ ಆಯ್ಕೆ ಆಗೇ ಆಗುತ್ತದೆ ಎಂದು ನಂಬಿ ಸಾಲ ಮಾಡಬೇಡಿ.

ಇನ್ನು ಕರಾರು ಪತ್ರ. ನಮ್ಮಲ್ಲಿ ಬಾಯಿಮಾತೇ ಜಾಸ್ತಿ. "ಏನಮ್ಮಾ, ನಂಬಿಕೆ ಇಲ್ಲವಾ?" ಅಂತಾರೆ. ನಂಬಿಕೆ ಇದ್ದರೆ ಬರೆದುಕೊಡುವುದಕ್ಕೆ ಏನು ತೊಂದರೆ? 1957ರ ಕೃತಿಸ್ವಾಮ್ಯ ಕಾಯ್ದೆ ಲೇಖಕರ ಪರವಾಗಿ ಕೆಲವು ಒಳ್ಳೆಯ ಮಾತು ಹೇಳುತ್ತದೆ. ನೀವು ಬರೆದ ಕ್ಷಣದಿಂದ ಅದು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಮಾನ, ಆಮೇಲೆ 60 ವರ್ಷ ಅದರ ಹಕ್ಕು ಇರುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆದಿಲ್ಲದಿದ್ದರೆ ಐದು ವರ್ಷ ಎಂದೇ ಹಿಡಿಯಬೇಕು. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಹಕ್ಕು ನಿಮಗೇ ವಾಪಸ್. ಅದಕ್ಕೆ "ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ" ಅನ್ನುವ ಒಂದು ಸಾಲು ಕಂಡರೆ ಪೆನ್ನು ಮುಚ್ಚಿ. ಮುದ್ರಣದ ಹಕ್ಕು ಬೇರೆ, ಇ-ಪುಸ್ತಕ ಬೇರೆ, ಆಡಿಯೋ ಬೇರೆ, ಅನುವಾದ ಬೇರೆ, ಸಿನಿಮಾ ಬೇರೆ. ಒಂದೊಂದಾಗಿ ಕೊಡಿ.

ಇಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: "ಮೇಡಂ, ಕೆಲಸ ಬಿಟ್ಟು ಪೂರ್ತಿ ಬರೆಯೋಣ ಅಂತಿದ್ದೀನಿ. ರಾಯಲ್ಟಿ ಎಷ್ಟು ಬರುತ್ತೆ?" ಅವನ ಹತ್ತಿರವೇ ಲೆಕ್ಕ ಮಾಡಿಸಿದೆ. ಪುಸ್ತಕದ ಬೆಲೆ 150 ರೂಪಾಯಿ ಅಂತ ಇಟ್ಟುಕೋ. ರಾಯಲ್ಟಿ ನೂರಕ್ಕೆ ಹತ್ತು, ಅಂದರೆ ಪ್ರತಿಗೆ 15 ರೂಪಾಯಿ. 500 ಪ್ರತಿ ಪೂರ್ತಿ ಮಾರಾಟವಾದರೆ? "ಏಳೂವರೆ ಸಾವಿರ" ಅಂದ. ಎಷ್ಟು ದಿನದ ಬರವಣಿಗೆ? "ಮೂರು ವರ್ಷ." ಸರಿ, ಕೂತುಕೋ ಅಂದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಪ್ರಕಾಶಕರೂ ಇದರಲ್ಲಿ ಬಂಗಲೆ ಕಟ್ಟುವುದಿಲ್ಲ, ಅಂಗಡಿಯವರ ರಿಯಾಯಿತಿಯೇ ಮೂವತ್ತು ನಲವತ್ತು ಪರ್ಸೆಂಟ್ ಹೋಗುತ್ತದೆ. ಕೆಲಸ ಬಿಡಬೇಡಿ. ಕೆಲಸದಲ್ಲೇ ಕತೆ ಸಿಗುತ್ತದೆ. ಮನಿಯಾರ್ಡರು ತೆಗೆದುಕೊಳ್ಳಲು ಬಂದು ಹೆಬ್ಬೆಟ್ಟು ಒತ್ತುವಾಗ ಕೈ ನಡುಗಿದ ಅಜ್ಜಿಯನ್ನು ನಾನು ಕೌಂಟರಿನ ಈಚೆ ಕೂರದೆ ಎಲ್ಲಿ ಕಾಣುತ್ತಿದ್ದೆ?

ಮುನ್ನುಡಿಗೆ ದೊಡ್ಡವರ ಹಿಂದೆ ಎಂಟು ತಿಂಗಳು ಅಲೆಯಬೇಡಿ. ಕೊನೆಗೆ ಅವರು ಓದದೆಯೇ "ಭರವಸೆಯ ಕತೆಗಾರ್ತಿ" ಅಂತ ಬರೆದುಕೊಡುತ್ತಾರೆ, ಆ ಮಾತನ್ನು ಯಾರೂ ನಂಬುವುದಿಲ್ಲ. ಬಿಡುಗಡೆ ಸಮಾರಂಭದ ಶಾಲು, ಹಾರದ ದುಡ್ಡಿನಲ್ಲಿ ನಲವತ್ತು ಪುಸ್ತಕ ಅಂಚೆಯಲ್ಲಿ ಕಳಿಸಬಹುದು: ನಿಮ್ಮ ಜಿಲ್ಲೆಯ ಗ್ರಂಥಾಲಯಗಳಿಗೆ, ಕಾಲೇಜಿನ ಕನ್ನಡ ಮೇಷ್ಟ್ರುಗಳಿಗೆ, ನಿಜವಾಗಿ ಓದುವ ಹತ್ತು ಜನರಿಗೆ. ಅಂಚೆಯವಳು ಅಂತ ಹೇಳುತ್ತಿಲ್ಲ.

ಸಣ್ಣಕತೆ ಯಾರು ಓದುತ್ತಾರೆ, ಅದೂ ಕನ್ನಡದಲ್ಲಿ, ಅಂತ ನಿಮ್ಮನ್ನು ಕೇಳುವವರಿಗೆ ಕೊಡಲು ಈಗ ಒಂದು ಉತ್ತರ ಇದೆ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದದ್ದು ಹಾಸನದ ಬಾನು ಮುಷ್ತಾಕ್ ಅವರ ಸಣ್ಣಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ. ಹನ್ನೆರಡು ಕತೆ. ನನಗೆ ಆ ಸುದ್ದಿಯಲ್ಲಿ ಬಹುಮಾನಕ್ಕಿಂತ ಹೆಚ್ಚು ಹಿಡಿಸಿದ್ದು ಇದು: ಆ ಕತೆಗಳನ್ನು ಬರೆದದ್ದು 1990ರಿಂದ 2023ರವರೆಗೆ. ಮೂವತ್ತಮೂರು ವರ್ಷ. ನೀವು ಹೋದ ತಿಂಗಳು ಕಳಿಸಿದ ಕತೆಗೆ ಇನ್ನೂ ಉತ್ತರ ಬಂದಿಲ್ಲ ಅಂತ ಸಪ್ಪೆ ಮುಖ ಮಾಡಿದ್ದೀರಿ.

ಆ ಗಣಿತದ ಮೇಷ್ಟ್ರ ವಿಷಯ ಅರ್ಧಕ್ಕೆ ಬಿಟ್ಟೆ. ಅವರ ಹೆಸರು ಕೇಳಬೇಡಿ, ಲಕೋಟೆಯ ಸಂಗತಿ ಕೌಂಟರ್ ದಾಟಬಾರದು ಅಂತ ನಮಗೆ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ಹನ್ನೊಂದು ವರ್ಷ ಅವರಿಗೆ ದಪ್ಪ ಲಕೋಟೆ ಬಂತು. ಪೋಸ್ಟ್‌ಮ್ಯಾನ್ ಶಾಲೆಗೆ ತಂದುಕೊಟ್ಟರೆ ಹುಡುಗರು ನೋಡುತ್ತಾರೆ ಅಂತ ಅವರೇ ಸಂಜೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನಾವಿಬ್ಬರೂ ಒಂದು ದಿನವೂ ಕವಿತೆಯ ಬಗ್ಗೆ ಮಾತಾಡಲಿಲ್ಲ. ಮಳೆ ಬಂತಾ, ಈರುಳ್ಳಿ ರೇಟು ಏನು, ಇಷ್ಟೇ. ಒಂದು ಶ್ರಾವಣದ ಬುಧವಾರ ಬೆಳಗಿನ ಚೀಲ ಸುರಿದು ವಿಂಗಡಿಸುತ್ತಿದ್ದೆ. ಅವರ ಅಕ್ಷರದ ಲಕೋಟೆ ಕೈಗೆ ಬಂತು. ತೆಳ್ಳಗಿತ್ತು. ಇನ್ನೊಮ್ಮೆ ಮುಟ್ಟಿ ನೋಡಿದೆ. ಸಂಜೆ ಐದರವರೆಗೆ ನನಗೆ ಕೆಲಸ ಓಡಲಿಲ್ಲ. ಒಂದು ರಿಜಿಸ್ಟರಿಗೆ ಠಸ್ಸೆ ತಲೆಕೆಳಗಾಗಿ ಒತ್ತಿದೆ.

ಅವರು ಬಂದರು. ಕೊಟ್ಟೆ. ಕೈಯಲ್ಲಿ ಹಿಡಿದ ತಕ್ಷಣ ಅವರಿಗೂ ಗೊತ್ತಾಯಿತು, ಹನ್ನೊಂದು ವರ್ಷದ ಅಭ್ಯಾಸ ನೋಡಿ. ಒಡೆಯಲಿಲ್ಲ. ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಜೇಬಿನಿಂದ ಚಿಲ್ಲರೆ ತೆಗೆದು ಎಣಿಸಿ ಕೌಂಟರಿನ ಮೇಲೆ ಇಟ್ಟು, "ಅಮ್ಮಾ, ಸ್ಟಾಂಪು ಕೊಡಿ" ಅಂದರು, "ಹೋಗುವುದಕ್ಕೂ, ವಾಪಸ್ ಬರುವುದಕ್ಕೂ."